ಕಿಮ್ಚಿ ತಿಂದರೆ ಬಿಪಿ ಮಾತ್ರೆ ಬಿಡಬಹುದಾ ಎಂದು ಕೇಳಿದ ಗೆಳೆಯನಿಗೆ

ಮಂಜು,

ಬಿಡಬೇಡ ಮಾರಾಯ. ಮೊದಲು ಅದು, ಆಮೇಲೆ ಬೇರೆ ಮಾತು. ನೀನು ಕಳಿಸಿದ ವಿಡಿಯೋ ಪೂರ್ತಿ ನೋಡಿದೆ. ಕಿಮ್ಚಿ ತಿಂದರೆ ಬಿಪಿ, ಶುಗರ್, ತೂಕ ಎಲ್ಲಾ ಇಳಿಯುತ್ತದೆ ಅನ್ನುತ್ತಾನೆ ಆ ವಿಡಿಯೋದವನು. ಕಿಮ್ಚಿ ಅಂದರೆ ಕ್ಯಾಬೇಜಿಗೆ ಉಪ್ಪು, ಖಾರ ಹಾಕಿ ಹುದುಗಿಸುವ ಕೊರಿಯಾದ ಉಪ್ಪಿನಕಾಯಿ ಥರದ್ದು. ಇಲ್ಲಿ ದಕ್ಷಿಣ ಕೊರಿಯಾದ ಸುವಾನ್‌ನಲ್ಲಿ ಊಟಕ್ಕೆ ಕೂತರೆ ಕಿಮ್ಚಿ ಇಲ್ಲದ ತಟ್ಟೆಯೇ ಇಲ್ಲ, ನನಗೂ ಅದೆಂದರೆ ಪ್ರಾಣ. ಅದಕ್ಕೇ ಅದರ ಹೆಸರಲ್ಲಿ ಯಾರೋ ಏನೇನೋ ಹೇಳಿದರೆ ಸಂಕಟ ಆಗುತ್ತದೆ.

ಒಳ್ಳೆಯದು ಇರುವುದು ನಿಜ. ಅದು ಎಲ್ಲಿಂದ ಬರುತ್ತದೆ ನೋಡು. ನವೆಂಬರ್‌ನಲ್ಲಿ ಚಳಿ ಶುರುವಾಗುತ್ತಿದ್ದ ಹಾಗೆ ಇಲ್ಲಿ ಮನೆಮಂದಿ, ಅಕ್ಕಪಕ್ಕದವರು ಸೇರಿ ಚಳಿಗಾಲಕ್ಕಾಗುವಷ್ಟು ಕಿಮ್ಚಿ ಹಾಕುತ್ತಾರೆ. ಇದಕ್ಕೆ ಕಿಮ್‌ಜಾಂಗ್ ಅನ್ನುತ್ತಾರೆ, 2013ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಚೈನೀಸ್ ಕ್ಯಾಬೇಜನ್ನು ಉದ್ದಕ್ಕೆ ಸೀಳಿ, ಎಲೆ ಎಲೆ ಬಿಡಿಸಿ ಬುಡದ ದಪ್ಪ ಭಾಗಕ್ಕೆ ಜಾಸ್ತಿ ಉಪ್ಪು ಹಾಕಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಎಲೆ ಮಡಚಿದರೆ ಮುರಿಯುವುದಿಲ್ಲ, ಬಾಗುತ್ತದೆ. ಹದ ನೋಡುವುದೇ ಹಾಗೆ. ಆಮೇಲೆ ತೊಳೆದು, ನೀರು ಸೋರಿಸಿ, ಮೆಣಸಿನ ಪುಡಿ, ಬೆಳ್ಳುಳ್ಳಿ, ಶುಂಠಿ, ಮೂಲಂಗಿ ತುರಿ, ಅಕ್ಕಿ ಗಂಜಿ, ಉಪ್ಪಲ್ಲಿ ಹುದುಗಿಸಿದ ಸಿಗಡಿ ಎಲ್ಲಾ ಕಲಸಿದ ಮಸಾಲೆಯನ್ನು ಕೆಂಪು ರಬ್ಬರ್ ಗ್ಲೌಸ್ ಹಾಕಿಕೊಂಡು ಒಂದೊಂದೇ ಎಲೆಗೆ ಸವರಿ, ಕೊನೆಗೆ ಹೊರಗಿನ ಎಲೆಯಿಂದಲೇ ಇಡೀ ಕಟ್ಟನ್ನು ಸುತ್ತಿ ಒತ್ತಿ ಇಡುತ್ತಾರೆ.

ಉಪ್ಪಿಗೆ ಕೆಟ್ಟ ಸೂಕ್ಷ್ಮಜೀವಿಗಳು ಸುಲಭಕ್ಕೆ ಬೆಳೆಯುವುದಿಲ್ಲ, ಎಲೆಯ ಮೇಲೇ ಇದ್ದ, ಹುಳಿ ಬರಿಸುವ ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವುಗಳಲ್ಲಿ ಮೊದಲು ಕೆಲಸ ಶುರು ಮಾಡುವುದು ಲ್ಯೂಕೋನೋಸ್ಟಾಕ್ ಎಂಬ ಬಗೆ. ನಿಮ್ಮ ಮನೆಯ ಇಡ್ಲಿ ಹಿಟ್ಟು ಉಬ್ಬಿಸುವುದರಲ್ಲೂ ಇದರದ್ದೇ ಕೈ. ಆದರೆ ಇಡ್ಲಿ ಬೇಯುವಾಗ ಅವು ಸಾಯುತ್ತವೆ, ಕಿಮ್ಚಿಯನ್ನು ಹಸಿಯಾಗಿ ತಿನ್ನುವುದರಿಂದ ಜೀವಂತವಾಗಿಯೇ ಹೊಟ್ಟೆ ಸೇರುತ್ತವೆ. ಹುಳಿ ಬಂದ ಕಿಮ್ಚಿ ಹಾಕಿ ಕುದಿಸಿದ ಸಾರು, ಕಿಮ್ಚಿ ಜಿಗೆ, ಬಲು ರುಚಿ. ಬ್ಯಾಕ್ಟೀರಿಯಾ ಮಾತ್ರ ಅದರಲ್ಲಿ ಉಳಿದಿರುವುದಿಲ್ಲ. ಅಂಗಡಿಯಲ್ಲಿ ಫ್ರಿಜ್‌ನಿಂದ ಹೊರಗೆ ತಿಂಗಳುಗಟ್ಟಲೆ ಕೂರುವ ಡಬ್ಬಿಯೂ ಅಷ್ಟೇ, ಅದನ್ನು ಬಿಸಿ ಮಾಡಿಯೇ ಮುಚ್ಚಿರುತ್ತಾರೆ.

2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನ ಆರೋಗ್ಯವಂತರ ಮೇಲೆ ಒಂದು ಪರೀಕ್ಷೆ ನಡೆಸಿದರು. ಅರ್ಧ ಜನಕ್ಕೆ 10 ವಾರ ಮೊಸರು, ಕೆಫಿರ್ (ಹುದುಗಿಸಿದ ಹಾಲು), ಕಿಮ್ಚಿಯಂಥ ಹುದುಗಿದ ಆಹಾರ ಜಾಸ್ತಿ ಕೊಟ್ಟರು. ಅವರ ಕರುಳಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತ ತೋರಿಸುವ 19 ಪ್ರೋಟೀನ್‌ಗಳು ಇಳಿದವು. ಒಳ್ಳೆಯ ಸುದ್ದಿ ಅಲ್ವಾ? ಆದರೆ ಸಣ್ಣ ಗುಂಪು, ಕಿಮ್ಚಿ ಒಂದೇ ಅಲ್ಲ. ಕೊರಿಯಾದ್ದೇ ಇನ್ನೊಂದು ಅಧ್ಯಯನ 2024ರಲ್ಲಿ ಬಂತು, 1.15 ಲಕ್ಷ ಜನರದ್ದು. ದಿನಕ್ಕೆ 1ರಿಂದ 3 ಸಲ ಕಿಮ್ಚಿ ತಿನ್ನುವ ಗಂಡಸರಲ್ಲಿ ಬೊಜ್ಜು ಸ್ವಲ್ಪ ಕಡಿಮೆ ಕಂಡಿತು. ಕಿಮ್ಚಿಯಿಂದಲೇ ಕಡಿಮೆಯಾಯಿತು ಎಂದು ಅದರಿಂದ ಹೇಳಲಾಗುವುದಿಲ್ಲ, ಅವರ ಉಳಿದ ಊಟ, ಓಡಾಟ ಎಲ್ಲಾ ಸೇರಿರುತ್ತದೆ.

ಈಗ ನಿನ್ನ ವಿಷಯಕ್ಕೆ ಬಾ. ಬಿಪಿ ಇರುವವನಿಗೆ ಇಲ್ಲಿ ತೊಡಕು ಉಪ್ಪು. ನೂರು ಗ್ರಾಂ ಕಿಮ್ಚಿಯಲ್ಲಿ ಸುಮಾರು ಒಂದೂವರೆ ಗ್ರಾಂ ಉಪ್ಪು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ. ಆ ವಿಡಿಯೋದವನು ಬಟ್ಟಲುಗಟ್ಟಲೆ ತಿನ್ನಿ ಅಂದನಲ್ಲ, ಅದು ನನಗೆ ಸಿಟ್ಟು ತರಿಸಿತು. ಇಲ್ಲಿ ಯಾರೂ ಹಾಗೆ ತಿನ್ನುವುದಿಲ್ಲ. ಅನ್ನದ ಜೊತೆ ನಾಲ್ಕೈದು ತುಂಡು, ನಾವು ಪಲ್ಯ ನಂಜಿಕೊಳ್ಳುವ ಹಾಗೆ. ನೀನೂ ಅಷ್ಟೇ ತಿನ್ನು, ಅವತ್ತು ಉಪ್ಪಿನಕಾಯಿ, ಹಪ್ಪಳ ಬೇಡ.

ನೀನು ಮೀನು ಮುಟ್ಟುವವನಲ್ಲ, ಹಾಗಾಗಿ ಕೊಳ್ಳುವಾಗ ಪ್ಯಾಕೆಟ್ ಓದು, ಸಾಮಾನ್ಯವಾಗಿ ಸಿಗಡಿ ಅಥವಾ ಮೀನಿನ ರಸ ಇರುತ್ತದೆ. ಮನೆಯಲ್ಲೇ ಮಾಡಿಕೊಂಡರೆ ಆ ತಲೆನೋವಿಲ್ಲ. ಇಲ್ಲಿನ ಬೌದ್ಧ ಮಠಗಳಲ್ಲಿ ಸಿಗಡಿ ಇರಲಿ, ಬೆಳ್ಳುಳ್ಳಿ ಈರುಳ್ಳಿ ಸಹ ಹಾಕದೆ ಕಿಮ್ಚಿ ಮಾಡುತ್ತಾರೆ, ಅದೂ ಚೆನ್ನಾಗಿ ಹುಳಿ ಬರುತ್ತದೆ. ದಾವಣಗೆರೆ ಸೆಕೆಗೆ ಒಂದು ದಿನ ಹೊರಗಿಟ್ಟರೆ ಸಾಕು, ಆಮೇಲೆ ಫ್ರಿಜ್‌ಗೆ. ಜಾಡಿ ಕಂಠದವರೆಗೆ ತುಂಬಬೇಡ, ಗಾಳಿ ಉತ್ಪತ್ತಿಯಾಗಿ ರಸ ಉಕ್ಕುತ್ತದೆ. ಹೊರಗಿರುವಾಗ ಒಂದೆರಡು ಸಲ ಮುಚ್ಚಳ ಸಡಿಲಿಸು.

ಅಮ್ಮನಿಗೆ ಮಾತ್ರ ಸುಮ್ನೆ ಕೊಡಬೇಡ. ಅವರು ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುತ್ತಿದ್ದಾರಲ್ಲ, ಕಿಮ್ಚಿಯಲ್ಲಿ ವಿಟಮಿನ್ ಕೆ ಇರುತ್ತದೆ, ಅದು ಆ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಅವರದ್ದೂ ನಿನ್ನದೂ ಸೇರಿಸಿ ಕೇಳು, ಏನಂದರು ಅಂತ ನನಗೆ ಬರೆ.

ನಿನ್ನ,
ರವಿ