ಗೆಳೆಯನಿಗೊಂದು ಪತ್ರ: ಬಣ್ಣಕ್ಕಿಂತ ಮೊದಲು ನೀರು

ಪ್ರಿಯ ಗೆಳೆಯ,

ನಿಮ್ಮ ಬಡಾವಣೆಯ ಸಂಘದವರು ಕೊಟ್ಟ ನೋಟಿಸಿನ ಫೋಟೊ ನೋಡಿದೆ. ತಿಂಗಳೊಳಗೆ ಹೊರಗೋಡೆಗೆ ಬಣ್ಣ ಬಳಿಸಬೇಕು, ಪಶ್ಚಿಮದ ಜಗಲಿಗೆ ಕಟ್ಟಿದ ನೀಲಿ ಟಾರ್ಪಾಲಿನ್ ಬಿಚ್ಚಬೇಕು ಎಂದಿದ್ದಾರೆ. ಮಡಿಕೇರಿಯ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಇಂಥ ಕಾಗದ ಕೈಗೆ ಬಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೂ ಜಗಳಕ್ಕೆ ಹೋಗಬೇಡ. ಎಲ್ಲ ಮನೆಗಳಿಗೂ ಒಂದೇ ಬಣ್ಣ ಎಂಬ ನಿಯಮಕ್ಕೆ ಮನೆ ಕೊಳ್ಳುವಾಗ ನೀನೇ ಸಹಿ ಹಾಕಿದ್ದೀಯ, ಅದನ್ನು ಪಾಲಿಸು. ಕೇಳಬೇಕಾದದ್ದು ಕಾಲಾವಕಾಶ.

ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವುದು ಸುಮಾರು 1000 ಮಿಲಿಮೀಟರ್ ಮಳೆ. ಮಡಿಕೇರಿಯಲ್ಲಿ 3000 ದಾಟುತ್ತದೆ, ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆ ನಾಲ್ಕು ತಿಂಗಳು ಗೋಡೆ ಒಳಗೊಳಗೇ ನೀರು ಕುಡಿದು ನಿಂತಿರುತ್ತದೆ. ಅದರ ಮೇಲೆ ಎಮಲ್ಷನ್ ಬಳಿದರೆ ತೇವ ಹೊರಬರಲು ದಾರಿಯಿಲ್ಲದೆ ಬಣ್ಣ ಉಬ್ಬುತ್ತದೆ. ಉಬ್ಬಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡು: ಮೇಲಿನ ಪೊರೆ ಹರಿದು ಹನಿ ನೀರು ಜಿನುಗುತ್ತದೆ, ಹಿಂದೆ ಸಿಮೆಂಟಿನಿಂದ ಹೊರಬಂದ ಉಪ್ಪು ಬಿಳಿ ಹಿಟ್ಟಿನಂತೆ ಬೆರಳಿಗೆ ಹತ್ತುತ್ತದೆ. ಅಷ್ಟಾದ ಮೇಲೆ ಕೆರೆದು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ನೋಟಿಸಿನಲ್ಲಿ 'ಕೊಳೆ' ಎಂದಿರುವ ಆ ಕಪ್ಪು ಪಟ್ಟೆಗಳು ಪಾಚಿ. ಬಿಸಿಲು ತಾಗದ ಉತ್ತರದ ಗೋಡೆಯಲ್ಲಿ, ಸಿಲ್ವರ್ ಓಕ್ ಮರದ ನೆರಳಿನಲ್ಲಿ ಅದು ದಟ್ಟವಾಗಿರುವುದನ್ನು ನೀನೇ ಗಮನಿಸಬಹುದು. ಜೀವಂತ ಪಾಚಿಯ ಮೇಲೆ ಬಣ್ಣ ಹಚ್ಚಿದರೆ ಮುಂದಿನ ಮಳೆಗಾಲಕ್ಕೆ ಅದು ಬಣ್ಣವನ್ನೇ ಸೀಳಿಕೊಂಡು ಬರುತ್ತದೆ. ಬಿಸಿಲು ಬಿದ್ದ ಮೇಲೆ ಬ್ಲೀಚಿಂಗ್ ಪೌಡರಿನ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಬ್ರಷ್‌ನಿಂದ ಉಜ್ಜಿ ತೊಳೆಸು. ಅದಕ್ಕೆ ಆ್ಯಸಿಡ್ ಮಾತ್ರ ಬೆರೆಸಗೊಡಬೇಡ, ವಿಷಾನಿಲ ಏಳುತ್ತದೆ. ಗೋಡೆ ಚೆನ್ನಾಗಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ಎರಡು ಕೋಟ್ ಬಣ್ಣ. ಸುಗ್ಗಿಹಬ್ಬ ಹುತ್ತರಿ ಕಳೆದ ಮೇಲೆ, ಡಿಸೆಂಬರ್‌ನಲ್ಲಿ ಶುರು ಮಾಡಿ, ಕಾಫಿ ಹೂ ಅರಳಿಸುವ ಫೆಬ್ರವರಿ–ಮಾರ್ಚ್‌ನ ಹೂಮಳೆಗೆ ಮೊದಲು ಮುಗಿಸುವುದು ಒಳ್ಳೆಯದು. ಕಾಫಿ ಕೊಯ್ಲೂ ಅದೇ ಹೊತ್ತಿಗೆ ಇರುವುದರಿಂದ ಆಳುಗಳು ಸುಲಭಕ್ಕೆ ಸಿಗುವುದಿಲ್ಲ. ಪೇಂಟರನ್ನು ಈಗಲೇ ಗೊತ್ತು ಮಾಡಿ, ಅವನಿಂದ ಅಂದಾಜು ಪಟ್ಟಿ ಬರೆಸಿಕೊಂಡು ಸಂಘಕ್ಕೆ ಬರೆಯುವ ಉತ್ತರದ ಜೊತೆಗಿಡು. ಜನವರಿ ಕೊನೆಯವರೆಗೆ ಅವಕಾಶ ಕೇಳು. ಬಾಯಿಮಾತಿನಲ್ಲಿ ಬೇಡ, ಪತ್ರ ಕೊಟ್ಟು ಸ್ವೀಕೃತಿ ಪಡೆ.

ಟಾರ್ಪಾಲಿನ್ ವಿಷಯದಲ್ಲಿ ನಾನು ಪೂರ್ತಿ ನಿನ್ನ ಪಕ್ಷ. ಇಲ್ಲಿಯ ಮಳೆ ನೈರುತ್ಯದ ಗಾಳಿಯೊಂದಿಗೆ ಅಡ್ಡಡ್ಡ ಬಂದು ಹೊಡೆಯುತ್ತದೆ. ಹಳೆಯ ಹೆಂಚಿನ ಮನೆಗಳ ಸೂರು ಗೋಡೆಯಿಂದ ಎಷ್ಟೋ ಮುಂದಕ್ಕೆ ಚಾಚಿ ಇಳಿದಿರುವುದು ಅದಕ್ಕಾಗಿಯೇ. ನಿನ್ನ ಮನೆಯ ಸೂರು ಮೊಳದುದ್ದವೂ ಇಲ್ಲ. ಹಾಗಿರುವಾಗ ಮರೆ ಕಟ್ಟಲೇಬಾರದು ಎನ್ನುವುದು ಸರಿಯಲ್ಲ. ಆದರೆ ನಿನ್ನೊಬ್ಬನಿಗೆ ವಿನಾಯಿತಿ ಕೇಳಬೇಡ. ಮಳೆಗಾಲದ ನಾಲ್ಕು ತಿಂಗಳು ಎಲ್ಲ ಮನೆಗಳೂ ಒಂದೇ ಬಗೆಯ ಮರೆ ಕಟ್ಟಬಹುದು, ಇಲ್ಲವೇ ಹೆಂಚಿನ ಬಣ್ಣದ ಶೀಟಿನಿಂದ ಸೂರನ್ನು ಮುಂದಕ್ಕೆ ಚಾಚಬಹುದು ಎಂದು ನಿಯಮವನ್ನೇ ತಿದ್ದಿಸು. ಬಿಡಿ ಮನೆಗಳ ಬಡಾವಣೆಯಾದ್ದರಿಂದ ನಿಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರಬಹುದು. ಅಪಾರ್ಟ್‌ಮೆಂಟುಗಳಿಗಾದರೆ 1972ರ ಬೇರೆ ಕಾಯ್ದೆ ಇದೆ. ಮೊದಲು ಬೈಲಾದ, ಅಂದರೆ ಸಂಘದ ನಿಯಮಾವಳಿಯ, ಪ್ರತಿ ಕೇಳಿ ತೆಗೆದುಕೊಂಡು, ತಿದ್ದುಪಡಿಯನ್ನು ಮಹಾಸಭೆಯ ಮುಂದಿಡು.

ಅದೇ ಸಭೆಯಲ್ಲಿ ಇನ್ನೊಂದು ಮಾತನ್ನೂ ಎತ್ತಬೇಕು. ನನಗೆ ನಿಜವಾಗಿ ಆತಂಕವಿರುವುದು ಅದರ ಬಗ್ಗೆಯೇ. ಆ ನೋಟಿಸನ್ನು ಎರಡು ಸಲ ಓದಿದೆ. ಬಣ್ಣದ ಬಗ್ಗೆ ಅಷ್ಟೆಲ್ಲ ಬರೆದವರು ನೀರಿನ ಬಗ್ಗೆ ಒಂದು ಸಾಲೂ ಬರೆದಿಲ್ಲ. ನಿಮ್ಮ ಬಡಾವಣೆ ಇರುವುದು ಗುಡ್ಡ ಕಡಿದು ಮಾಡಿದ ಇಳಿಜಾರಿನಲ್ಲಿ. ನಿನ್ನ ಮಾಡಿನ ನೀರು ಹರಿದು ಹೋಗುವುದು ಕೆಳಗಿನ ಮನೆಯ ಹಿಂಬದಿಯ ಧರೆಗೆ, ಅಂದರೆ ಕಡಿದ ಮಣ್ಣಿನ ಗೋಡೆಗೆ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲೇ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆಯ ಕಡೆ ಗುಡ್ಡಗಳು ಕುಸಿದದ್ದು ನಿನಗೂ ನೆನಪಿರುತ್ತದೆ. ಮಳೆ ವಿಪರೀತವಾಗಿತ್ತು, ನಿಜ. ಆದರೆ ಇಳಿಜಾರನ್ನು ಮನುಷ್ಯರು ಮನಬಂದಂತೆ ಕಡಿದದ್ದೂ ಒಂದು ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು.

ಹೋದ ಸಲ ಬಂದಾಗ ನಿನ್ನ ಮನೆಯ ಹಿಂದಿನ ತಡೆಗೋಡೆ ನೋಡಿದ್ದೆ. ನೀರು ಬಸಿಯಲು ಬಿಟ್ಟ ಕಿಂಡಿಗಳಲ್ಲಿ ಮಣ್ಣು ತುಂಬಿ ಜರಿಗಿಡ ಬೆಳೆದಿತ್ತು. ಕಿಂಡಿ ಕಟ್ಟಿಕೊಂಡರೆ ಗೋಡೆಯ ಹಿಂದೆ ನೀರು ನಿಂತು, ಅದರ ಒತ್ತಡಕ್ಕೆ ಗೋಡೆ ಮುಂದಕ್ಕೆ ವಾಲುತ್ತದೆ. ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ಸರಳಿನಿಂದ ಚುಚ್ಚಿ ಒಂದೊಂದನ್ನೂ ಬಿಡಿಸು. ಗೋಡೆ ಈಗಾಗಲೇ ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಹತ್ತಿರ ಹೋಗದೆ ಎಂಜಿನಿಯರನ್ನು ಕರೆಸು. ಸೂರಿನಂಚಿನ ನೀರು ಹರಿಯುವ ದೋಣಿಯಲ್ಲಿ ಸಿಲ್ವರ್ ಓಕ್ ಎಲೆ ಸೇರಿಕೊಂಡು ಕೊಳವೆ ಕಟ್ಟಿರುತ್ತದೆ, ಅದನ್ನೂ ತೆಗೆಸು. ಪ್ರತಿ ವರ್ಷ ಮೇ ತಿಂಗಳ ಕೊನೆಯೊಳಗೆ ಎಲ್ಲ ಮನೆಗಳವರೂ ದೋಣಿ, ಕಿಂಡಿ, ಚರಂಡಿ ಬಿಡಿಸಲೇಬೇಕು, ಸಂಘದವರು ಬಂದು ನೋಡಲೇಬೇಕು ಎಂಬ ನಿಯಮ ಬೈಲಾದಲ್ಲಿ ಸೇರಬೇಕು. ಪಕ್ಕದ ಮನೆಯವನ ಬಣ್ಣ ಬೇರೆಯಾದರೆ ಯಾರ ಜೀವವೂ ಹೋಗುವುದಿಲ್ಲ. ಮೇಲಿನ ಮನೆಯ ಚರಂಡಿ ಕಟ್ಟಿಕೊಂಡರೆ ಹೋಗಬಹುದು. ಇದನ್ನು ಸಭೆಯಲ್ಲಿ ಇಷ್ಟೇ ನೇರವಾಗಿ ಹೇಳು.

ಉತ್ತರದ ಕರಡು ಬರೆದು ಕಳುಹಿಸು, ತಿದ್ದಿ ಕೊಡುತ್ತೇನೆ. ಕಿಂಡಿ ಬಿಡಿಸಲು ಆಳು ಸಿಗದಿದ್ದರೆ ಹೇಳು, ಭಾನುವಾರ ನಾನೇ ಬರುತ್ತೇನೆ.

ನಿನ್ನ ಗೆಳೆಯ