ಅದು ಬಿಳಿ ಮಣ್ಣಲ್ಲ, ಟೋಬಾದ ಬೂದಿ

ಮಾನ್ಯ ಸಂಪಾದಕರೇ,

ಆಂಧ್ರಪ್ರದೇಶದ ಜ್ವಾಲಾಪುರದ ಗುಂಡಿಗಳ ಬಗ್ಗೆ ನಿಮ್ಮಲ್ಲಿ ಬಂದ ವರದಿ ಓದಿ ಸಿಟ್ಟು ಬಂತು. ಪಾತ್ರೆ ತೊಳೆಯುವ ಪುಡಿಗೆಂದು ಅಗೆದು ಸಾಗಿಸುವುದನ್ನು ಒಂದು ಕಡೆ ‘ಬಿಳಿ ಮಣ್ಣು’ ಎಂದಿದ್ದೀರಿ, ಇನ್ನೊಂದು ಕಡೆ ಬಳ್ಳಾರಿ ಬಳಿಯ ಕುಡತಿನಿಯ ಬೂದಿದಿಬ್ಬಕ್ಕೆ ಹೋಲಿಸಿದ್ದೀರಿ. ಎರಡೂ ತಪ್ಪು. ಕುಡತಿನಿಯದು ನವಶಿಲಾಯುಗದವರು ಸುಟ್ಟ ಸಗಣಿ. ಜ್ವಾಲಾಪುರದ್ದು ಸುಮಾರು 74 ಸಾವಿರ ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದಾಗ ಎರಡೂವರೆ ಸಾವಿರ ಕಿ.ಮೀ.ಗೂ ಆಚೆಯಿಂದ ಗಾಳಿಯಲ್ಲಿ ಬಂದ ಗಾಜಿನ ಪುಡಿ. ಅದರ ಕೆಳಗೂ ಮೇಲೂ ಸಿಕ್ಕ ಕಲ್ಲಿನ ಆಯುಧಗಳನ್ನು ಧಾರವಾಡದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಜೊತೆಗಾರರು 2007ರಲ್ಲೇ ಜಗತ್ತಿಗೆ ತೋರಿಸಿದ್ದಾರೆ.

ಬೂದಿ ಬೇಕಾದಷ್ಟಿದೆ ಎಂಬ ಮಾತನ್ನು ವರದಿ ಹಾಗೇ ನಂಬಿದೆ. ಎರಡು ಮೀಟರಿಗೂ ದಪ್ಪಗಿದೆ, ನಿಜ. ಆದರೆ ಆಕಾಶದಿಂದ ನೇರವಾಗಿ ಬಿದ್ದದ್ದು ತಳದ ಕೆಲವೇ ಸೆಂಟಿಮೀಟರ್. ಉಳಿದದ್ದೆಲ್ಲ ಮಳೆನೀರು ಸುತ್ತಲ ಇಳಿಜಾರಿನಿಂದ ತಗ್ಗಿಗೆ ತಂದು ತುಂಬಿದ್ದು. ಇಡೀ ದಪ್ಪವನ್ನು ಅಳೆದವನು ಸ್ಫೋಟವನ್ನು ಹತ್ತಾರು ಪಟ್ಟು ಹಿಗ್ಗಿಸಿಬಿಡುತ್ತಾನೆ. ನಮಗೆ ಬೇಕಾದದ್ದು ಆ ನಾಲ್ಕು ಬೆರಳಿನ ತಳ. ಜೆಸಿಬಿ ಮೇಲಿನದನ್ನೂ ತಳದ್ದನ್ನೂ ಒಂದೇ ಬಕೆಟ್ಟಿಗೆ ತುಂಬುತ್ತದೆ.

ಬೂದಿ ಯಾವುದೆಂದು ಖಚಿತವಾಗಲು ಗುಂಡಿಯ ಗೋಡೆಯನ್ನು ಒಂದು ಗೇಣು ಕೆರೆದು, ಮಣ್ಣು ಮುಗಿದು ಬೂದಿ ಶುರುವಾಗುವ ಗೆರೆ ಹಿಡಿದು, ಕೆಳಗಿನಿಂದ ಮೇಲಕ್ಕೆ ಮಾದರಿ ತೆಗೆಯಬೇಕು. ಮೇಲಿನಿಂದ ಶುರುಮಾಡಿದರೆ ಪುಡಿ ಉದುರಿ ಕೆಳಗಿನದನ್ನು ಕೆಡಿಸುತ್ತದೆ. ಆಮ್ಲದಲ್ಲಿ ಸುಣ್ಣ ಕಳೆದು, ಗಾಜಿನ ಚೂರುಗಳನ್ನು ರಾಳದಲ್ಲಿ ಕೂರಿಸಿ, ಪಾಲಿಶ್ ಮಾಡಿ, ಅದರಲ್ಲಿ ಏನೇನು ಎಷ್ಟಿದೆ ಎಂದು ತಿಳಿಯಲು ಎಲೆಕ್ಟ್ರಾನ್ ಕಿರಣಕ್ಕೆ ಹಿಡಿಯಬೇಕು. ಕಿರಣ ತೀರಾ ಸೂಜಿಯಾದರೆ ಸೋಡಿಯಂ ಜಾಗಬಿಟ್ಟು ಲೆಕ್ಕ ತಪ್ಪುತ್ತದೆ. ಸಿಲಿಕಾ ಶೇ. 77ರ ಆಸುಪಾಸು ಬಂದರೆ ಟೋಬಾ ಎನ್ನಬಹುದು, ಯಾವ ಸ್ಫೋಟ ಎನ್ನಲಾಗದು. ಟೋಬಾದ ಹಳೆಯ ಸ್ಫೋಟಗಳ ಗಾಜೂ ಹೆಚ್ಚುಕಡಿಮೆ ಹಾಗೇ ಇರುವುದರಿಂದ ಕಪ್ಪು ಅಭ್ರಕದ ಹರಳುಗಳನ್ನೂ ನೋಡಬೇಕು. ಪುಣೆ ಜಿಲ್ಲೆಯ ಬೋರಿಯ ಬೂದಿಗೆ ಒಬ್ಬರು 14 ಲಕ್ಷ ವರ್ಷ ಎಂದರು, ಇನ್ನೊಬ್ಬರು 6.7 ಲಕ್ಷ, ಮತ್ತೊಬ್ಬರು 75 ಸಾವಿರ. ಹಳೆಯ ಹರಳು ನಾಲ್ಕು ಬೆರೆತರೂ ವಯಸ್ಸು ಹಿಂದಕ್ಕೆ ಓಡುತ್ತದೆ. ಅದಕ್ಕೇ ಬೂದಿಯ ಕೆಳಗಿನ, ಮೇಲಿನ ಮಣ್ಣಿಗೆ ಉಕ್ಕಿನ ಕೊಳವೆ ಬಡಿದು, ಬೆಳಕು ಸೋಕದಂತೆ ಮರಳು ತೆಗೆದು, ಅದು ಕೊನೆಯ ಸಲ ಬಿಸಿಲು ಕಂಡ ಕಾಲವನ್ನೂ ತಾಳೆ ನೋಡುತ್ತೇವೆ. ಗೋಡೆಯೇ ಇಲ್ಲದಿದ್ದರೆ ಕೊಳವೆ ಬಡಿಯುವುದೆಲ್ಲಿ? ಹೋದ ಬೇಸಿಗೆಯಲ್ಲಿ ಗುರುತು ಹಾಕಿದ ಗೋಡೆ ಈ ಬೇಸಿಗೆಗೆ ಇರುವುದಿಲ್ಲ. ಅನುಮತಿ ಕೇಳಿದರೆ ಒಂದು ಕಚೇರಿ ಇನ್ನೊಂದಕ್ಕೆ ಕಳಿಸುತ್ತದೆ, ಅಲ್ಲಿ ಪಟ್ಟಾ ಜಮೀನು ಎನ್ನುತ್ತಾರೆ. ಅಗೆಯುವವರಿಗೆ ಮಾತ್ರ ಯಾವ ಕಾಗದವೂ ಅಡ್ಡ ಬರುವುದಿಲ್ಲ.

ನಮ್ಮ ಕಡೆಯೂ ಇದೇ ಪಾಡು. ಬೆಳಗಾವಿ, ವಿಜಯಪುರದ ಕಡೆ ಕಪ್ಪುಕಲ್ಲಿನ ಲಾವಾ ಹಾಸುಗಳ ನಡುವೆ ಕಾಣುವ ಕೆಂಪು ಪಟ್ಟಿ, ಒಂದು ಹಾಸು ಹರಿದು ನಿಂತು, ಹವೆಗೆ ಸಿಕ್ಕಿ ಮಣ್ಣಾಗಿ, ಆಮೇಲೆ ಇನ್ನೊಂದು ಹರಿದದ್ದಕ್ಕೆ ಸಾಕ್ಷಿ. ರಸ್ತೆ ಅಗಲ ಮಾಡುವಾಗ ಅದರ ಮೇಲೆ ಸಿಮೆಂಟ್ ಬಳಿದರೆ ಎರಡು ಹಾಸು ಒಂದಾಗಿ ಎಣಿಕೆಯೇ ತಪ್ಪುತ್ತದೆ. ಎಷ್ಟು ಸಲ ಬರೆದರೂ ಎಂಜಿನಿಯರುಗಳಿಗೆ ಕೆಂಪು ಕಂಡರೆ ಸಡಿಲ ಮಣ್ಣು, ಅಷ್ಟೇ.

ಅಗೆತ ನಿಲ್ಲಿಸಲಿ. ನಿಲ್ಲಿಸಲಾಗದಿದ್ದರೆ ತಳ ಸಮೇತ ಒಂದು ಗೋಡೆಯನ್ನಾದರೂ ಬಿಡಲಿ, ಯಾರ ಕೆಲಸವೋ ಅವರು ಮಾಡಲಿ. ನೀವು ‘ಬಿಳಿ ಮಣ್ಣು’ ಎಂದದ್ದನ್ನು ನಾಳೆಯೇ ತಿದ್ದಿ ಹಾಕಿ.

– ಭೂವಿಜ್ಞಾನ ಅಧ್ಯಾಪಕ, ಧಾರವಾಡ