ಶನಿವಾರದ ಕ್ಲಾಸ್: ಸಿವಿಲ್ ಆರನೇ ಸೆಮ್‌ನವರು ಓದಿ

ಎಲ್ಲರಿಗೂ ನಮಸ್ಕಾರ. ಇದೇ ಶನಿವಾರ ಬೆಳಿಗ್ಗೆ 10ಕ್ಕೆ ಸೆಮಿನಾರ್ ಹಾಲ್‌ನಲ್ಲಿ ನಮ್ಮ ಹೊಸ ಪ್ರೊಫೆಸರ್ ಆಫ್ ಪ್ರಾಕ್ಟೀಸ್ (ಕೆಲಸದ ಅನುಭವದ ಮೇಲೆ ಪಾಠ ಮಾಡಲು ಬರುವವರು) ಸರ್ ಅವರ ಮೊದಲ ಕ್ಲಾಸ್ ಇದೆ. ಎರಡೂ ಸೆಕ್ಷನ್‌ನವರು ಬರಬೇಕು.

ಅವರದು ಪಿಎಚ್‌ಡಿ ಆಗಿದೆಯಾ ಅಂತ ಕೆಲವರು ಕೇಳಿದ್ದೀರಿ. ಈ ಹುದ್ದೆಗೆ ಅದು ಕಡ್ಡಾಯವಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಮಾರ್ಗಸೂಚಿ ಪ್ರಕಾರ, ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ಕೆಲಸ ಮಾಡಿ ಹೆಸರು ಮಾಡಿದವರನ್ನು ಹೀಗೆ ಕರೆದುಕೊಳ್ಳಬಹುದು, ಆದರೆ ಒಂದು ಸಂಸ್ಥೆಯಲ್ಲಿ ಒಟ್ಟು 4 ವರ್ಷಕ್ಕಿಂತ ಜಾಸ್ತಿ ಇರುವಂತಿಲ್ಲ. ಹಾಗಾಗಿ ಇರುವಷ್ಟು ದಿನ ಚೆನ್ನಾಗಿ ಕಲಿಯೋಣ.

ಲ್ಯಾಬ್‌ನಲ್ಲಿ ನಾವು 150 ಮಿಮೀ ಕಾಂಕ್ರೀಟ್ ಕ್ಯೂಬ್ ಹಾಕಿ, 28 ದಿನ ನೀರಲ್ಲಿಟ್ಟು, ಬಲ ಎಷ್ಟಿದೆ ಅಂತ ಒಡೆದು ನೋಡಿ ರೆಕಾರ್ಡ್ ಬರೆಯುತ್ತೇವೆ. ಆದರೆ ಸೈಟಿನಲ್ಲಿ ಕಾಂಕ್ರೀಟ್ ಗಟ್ಟಿಯಾಗಿದೆ ಅಂತ ಯಾರೋ ಒಂದು ಬಕೆಟ್ ನೀರು ಸುರಿದುಬಿಟ್ಟರೆ ಅದರ ಬಲ ಕುಗ್ಗುತ್ತದೆ, ಆಗ ಅಲ್ಲಿ ನಿಂತಿರುವ ಎಂಜಿನಿಯರ್ ಏನು ಮಾಡಬೇಕು, ಲಾರಿ ವಾಪಸ್ ಕಳಿಸಬೇಕಾ, ಕಂಟ್ರಾಕ್ಟರ್ ಜೊತೆ ಹೇಗೆ ಮಾತಾಡಬೇಕು? ಇದನ್ನು ವರ್ಷಗಟ್ಟಲೆ ಸೈಟಿನಲ್ಲಿ ನಿಂತವರೇ ಹೇಳಬೇಕು, ಅಲ್ವಾ.

ಪ್ರಾಜೆಕ್ಟ್ ಡ್ರಾಯಿಂಗ್ ಜೊತೆಗೆ ತನ್ನಿ. ಒಬ್ಬೊಬ್ಬರೂ ಒಂದು ಪ್ರಶ್ನೆಯನ್ನು ಗುರುವಾರ ರಾತ್ರಿಯೊಳಗೆ ಇಲ್ಲೇ ಹಾಕಿ, ಒಟ್ಟು ಮಾಡಿ ಸರ್‌ಗೆ ಕೊಡುತ್ತೇನೆ. ಬರುವವರು ಹೆಸರು, ಯುಎಸ್‌ಎನ್ (ವಿದ್ಯಾರ್ಥಿ ನೋಂದಣಿ ಸಂಖ್ಯೆ) ಕಳಿಸಿ. ಸುಮ್ನೆ ಥಂಬ್ಸ್ ಅಪ್ ಒತ್ತಬೇಡಿ, ಲೆಕ್ಕ ಸಿಗುವುದಿಲ್ಲ.